ಕಣ್ಣಿನ ಪೊರೆಗೆ ಲೇಸರ್ ಶಸ್ತ್ರಚಿಕಿತ್ಸೆಯೇ ಬೇಕೆ?

ಕೆಲವು ವರ್ಷಗಳ ಹಿಂದಿನ ಮಾತು. ಸಕ್ಕರೆ ಕಾಯಿಲೆಗೆ ನನ್ನಲ್ಲಿ ಔಷಧ ಪಡೆಯುತ್ತಿದ್ದ ಅರವತ್ತೆಂಟು ವರ್ಷದ ತಾಯಿಯೊಬ್ಬರಿಗೆ ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದಿತ್ತು. ಬಲಗಣ್ಣಿನಲ್ಲಿ ಹೆಚ್ಚು. ಅಕ್ಕಿಯಲ್ಲಿ ಕಲ್ಲು ಆರಿಸಲು ಆಗುತ್ತಿಲ್ಲ, ಬಸ್ಸಿನ ಬೋರ್ಡು ಕಾಣುತ್ತಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಅವರನ್ನು ಕಣ್ಣಿನ ತಜ್ಞರ ಬಳಿಗೆ ಕಳಿಸಿದೆ. ತಜ್ಞರು ಪರೀಕ್ಷಿಸಿ, ಬೇಗ ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದು ಎಂದು ಬರೆದುಕೊಟ್ಟರು.

ಒಂದು ವಾರದ ನಂತರ ಅವರ ಮಗ ಬಂದ. "ಡಾಕ್ಟ್ರೇ, ಅಮ್ಮನಿಗೆ ಮಾಮೂಲಿ ಆಪರೇಷನ್ ಬೇಡ. ಲೇಸರ್‌ನಲ್ಲೇ ಮಾಡಿಸ್ತೀನಿ. ಅದರಲ್ಲಿ ಬ್ಲೇಡೇ ಮುಟ್ಟಿಸಲ್ಲವಂತೆ. ಸ್ವಲ್ಪ ದುಬಾರಿ. ಚೀಟಿ ಎತ್ತಿದ ಮೇಲೆ ಬೆಂಗಳೂರಿಗೆ ಕರ್ಕೊಂಡು ಹೋಗ್ತೀನಿ" ಎಂದ. ತಾಯಿಯ ಬಗ್ಗೆ ಅವನಿಗಿದ್ದ ಪ್ರೀತಿ ಕಂಡು ಸಂತೋಷವಾಯಿತು. "ಆಗಲಿ" ಎಂದೆ. ಚೀಟಿ ಯಾವ ತಿಂಗಳು ಬರುತ್ತದೆ ಎಂದು ನಾನು ಕೇಳಲಿಲ್ಲ.

ಎಂಟು ತಿಂಗಳು ಕಳೆದವು. ಒಂದು ರಾತ್ರಿ ಆ ತಾಯಿಯನ್ನು ಆಟೋದಲ್ಲಿ ಕರೆತಂದರು. ಎರಡು ದಿನದಿಂದ ವಿಪರೀತ ತಲೆನೋವು, ವಾಂತಿ. ಪಿತ್ತ ಕೆರಳಿದೆ ಎಂದು ಮನೆಯಲ್ಲಿ ಜೀರಿಗೆ ಕಷಾಯ ಕೊಟ್ಟಿದ್ದರು. ಬಲಗಣ್ಣು ಕೆಂಡದಂತೆ ಕೆಂಪಾಗಿತ್ತು. ರೆಪ್ಪೆಯ ಮೇಲಿಂದ ಬೆರಳಿನಲ್ಲಿ ಮೆಲ್ಲಗೆ ಒತ್ತಿ ನೋಡಿದರೆ ಗುಡ್ಡೆ ಗೋಲಿಯಂತೆ ಗಟ್ಟಿಯಾಗಿತ್ತು. ಬಲಿತ ಪೊರೆ ನೀರು ಹೀರಿ ಊದಿಕೊಂಡು, ಕಣ್ಣಿನೊಳಗಿನ ದ್ರವ ಹೊರಹೋಗುವ ದಾರಿಯನ್ನು ಮುಚ್ಚಿತ್ತು. ಕಣ್ಣಿನ ಒತ್ತಡ ಏರಿತ್ತು. ಅದೇ ರಾತ್ರಿ ತಜ್ಞರ ಬಳಿಗೆ ಕಳಿಸಿದೆವು. ಅವರು ಒತ್ತಡ ಇಳಿಸಿ, ನಂತರ ಪೊರೆಯನ್ನೂ ತೆಗೆದರು. ಆದರೆ ದೃಷ್ಟಿ ನರ ಆಗಲೇ ಸತ್ತಿತ್ತು. ಆ ಕಣ್ಣಿಗೆ ಇಂದು ಬೆಳಕು ಇದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ.

ಲೇಸರ್‌ನಿಂದ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ಲೇಸರ್‌ಗಾಗಿ ಕಾದದ್ದರಿಂದ ಹೀಗಾಯಿತು. ಆ ದಿನ ಮಗನನ್ನು ಕೂರಿಸಿಕೊಂಡು ಎರಡು ವಿಧಾನಗಳ ವ್ಯತ್ಯಾಸವನ್ನು ಹತ್ತು ನಿಮಿಷ ವಿವರಿಸಿದ್ದರೆ ಆ ಕಣ್ಣು ಉಳಿಯುತ್ತಿತ್ತೇನೋ. ಅಂದು ಹೇಳದೆ ಬಿಟ್ಟ ಆ ಹತ್ತು ನಿಮಿಷದ ಮಾತನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ನಾನು ಕಣ್ಣಿನ ತಜ್ಞನಲ್ಲ, ಸಾಮಾನ್ಯ ವೈದ್ಯ. ಆದರೆ "ಯಾವ ಆಪರೇಷನ್ ಮಾಡಿಸೋಣ?" ಎಂಬ ಪ್ರಶ್ನೆ ಮೊದಲು ಬರುವುದು ನಮ್ಮಂಥ ವೈದ್ಯರ ಬಳಿಗೇ.

ಪೊರೆ ಎಂದರೇನು?

ಕಣ್ಣಿನ ಪಾಪೆಯ ಹಿಂದೆ, ಅವರೆಕಾಳಿಗಿಂತ ಸ್ವಲ್ಪ ದಪ್ಪವಾದ ಪಾರದರ್ಶಕ ಮಸೂರವೊಂದು ಇದೆ. ಅದನ್ನು ತೆಳುವಾದ ಚೀಲವೊಂದು ಸುತ್ತುವರಿದಿದೆ. ಹೊರಗಿನ ಬೆಳಕನ್ನು ಹಿಂಬದಿಯ ಅಕ್ಷಿಪಟಲದ ಮೇಲೆ ಸರಿಯಾಗಿ ಬೀಳಿಸುವುದು ಈ ಮಸೂರದ ಕೆಲಸ. ವಯಸ್ಸಾದಂತೆ ಮಸೂರದೊಳಗಿನ ಪ್ರೋಟೀನು ಬದಲಾಗಿ ಅದು ಮಸುಕಾಗುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿಭಾಗ ಪಾರದರ್ಶಕತೆಯನ್ನು ಕಳೆದುಕೊಳ್ಳುವುದನ್ನು ನೀವು ನೋಡಿದ್ದೀರಿ. ಇಲ್ಲಿ ಆಗುವುದೂ ಹೆಚ್ಚುಕಡಿಮೆ ಅದೇ, ಆದರೆ ವರ್ಷಗಟ್ಟಲೆ ನಿಧಾನವಾಗಿ. ಇದೇ ಪೊರೆ. ಅದು ಕಣ್ಣಿನ ಮೇಲೆ ಬೆಳೆಯುವ ಚರ್ಮವಲ್ಲ, ಮಸೂರವೇ ಮಬ್ಬಾಗುವುದು.

ಸಕ್ಕರೆ ಕಾಯಿಲೆ, ಧೂಮಪಾನ, ಬಹುಕಾಲ ಸ್ಟೀರಾಯ್ಡ್ ಔಷಧ ಸೇವನೆ, ಕಣ್ಣಿಗೆ ಪೆಟ್ಟು, ಬಿಸಿಲಿನ ನೇರಳಾತೀತ ಕಿರಣಗಳು ಪೊರೆಯನ್ನು ಬೇಗ ತರುತ್ತವೆ. ಇದಕ್ಕೆ ಮಾತ್ರೆಯಿಲ್ಲ, ಹನಿಮದ್ದಿಲ್ಲ. ಜೇನುತುಪ್ಪ ಬಿಟ್ಟರೆ, ಈರುಳ್ಳಿ ರಸ ಹಾಕಿದರೆ ಕರಗುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಮಬ್ಬಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನು ಕೂರಿಸುವುದೊಂದೇ ದಾರಿ.

ಚಿಕಿತ್ಸೆ ಬೆಳೆದುಬಂದ ಬಗೆ

ಪೊರೆಯ ಚಿಕಿತ್ಸೆ ನಮ್ಮ ದೇಶಕ್ಕೆ ಹೊಸದಲ್ಲ. ಮಬ್ಬಾದ ಮಸೂರವನ್ನು ಶಲಾಕೆಯಿಂದ ಪಕ್ಕಕ್ಕೆ ಸರಿಸುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಮಸೂರವನ್ನು ಸರಿಸುವ ಬದಲು ಕಣ್ಣಿನಿಂದ ಹೊರತೆಗೆಯುವ ಶಸ್ತ್ರಚಿಕಿತ್ಸೆಯನ್ನು 1747ರಲ್ಲಿ ಮಾಡಿದವರು ಫ್ರಾನ್ಸಿನ ಝಾಕ್ ದಾವಿಯೆಲ್.

ನಮ್ಮ ನಾಡಿನಲ್ಲಿ ಪೊರೆಯ ಆಪರೇಷನ್ ಎಂದರೆ ಹಿರಿಯರಿಗೆ ನೆನಪಾಗುವ ಹೆಸರು ಡಾ. ಎಂ.ಸಿ. ಮೋದಿ (1916–2005). ಅವರು ಊರೂರಿಗೆ ಹೋಗಿ ಶಿಬಿರ ನಡೆಸಿ ಲಕ್ಷಾಂತರ ಬಡವರಿಗೆ ದೃಷ್ಟಿ ಕೊಟ್ಟರು. ಆ ಕಾಲದ ಕ್ರಮದಲ್ಲಿ ಮಸೂರವನ್ನು ಚೀಲಸಮೇತ ತೆಗೆಯುತ್ತಿದ್ದರು. ಬದಲಿ ಮಸೂರ ಇಡುತ್ತಿರಲಿಲ್ಲ. ಹಾಗಾಗಿ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಬೇಕಾಗುತ್ತಿತ್ತು. ಅಂಥ ಕನ್ನಡಕದ ಅಜ್ಜ ಅಜ್ಜಿಯರನ್ನು ನಿಮ್ಮ ಮನೆಯಲ್ಲೂ ನೋಡಿರಬಹುದು.

ಆ ಕನ್ನಡಕದಿಂದ ಬಿಡುಗಡೆ ಕೊಟ್ಟದ್ದು ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಕೆಲವು ಚಾಲಕರ ಕಣ್ಣೊಳಗೆ ಹೊಕ್ಕಿದ್ದವು. ಆದರೂ ಆ ಕಣ್ಣುಗಳು ಅವನ್ನು ಸಹಿಸಿಕೊಂಡದ್ದನ್ನು ಅವರು ಗಮನಿಸಿದರು. ಅದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿ, 1949ರಲ್ಲಿ ಲಂಡನ್ನಿನಲ್ಲಿ ರೋಗಿಯ ಕಣ್ಣಿಗೆ ಇಟ್ಟರು. 1967ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ಪೊರೆಯನ್ನು ಕಣ್ಣೊಳಗೇ ಪುಡಿಮಾಡಿ ಹೀರುವ ವಿಧಾನವನ್ನು ತಂದರು. ಪೊರೆಗೆ ಫೆಮ್ಟೋಸೆಕೆಂಡ್ ಲೇಸರ್ ಬಳಕೆ ಶುರುವಾದದ್ದು 2008ರಲ್ಲಿ, ಹಂಗೇರಿಯ ಬುಡಾಪೆಸ್ಟ್‌ನಲ್ಲಿ, ಡಾ. ಝೋಲ್ಟಾನ್ ನಾಗಿ ಅವರಿಂದ.

ಈಗ ಇರುವ ಮೂರು ವಿಧಾನಗಳು

ಮೊದಲನೆಯದು, ಕೈಯಿಂದ ಮಾಡುವ ಸಣ್ಣ ಗಾಯದ ಶಸ್ತ್ರಚಿಕಿತ್ಸೆ. ಕಣ್ಣಿನ ಬಿಳಿಭಾಗದಲ್ಲಿ ಸುಮಾರು 6 ಮಿಲಿಮೀಟರ್ ಅಗಲದ ಸುರಂಗದಂಥ ಛೇದನ ಮಾಡಿ, ಮಸೂರದ ಗಟ್ಟಿ ತಿರುಳನ್ನು ಇಡಿಯಾಗಿ ಹೊರತೆಗೆದು, ಕೃತಕ ಮಸೂರವನ್ನು ಇಡುತ್ತಾರೆ. ಗಾಯ ತಾನಾಗಿಯೇ ಮುಚ್ಚಿಕೊಳ್ಳುವುದರಿಂದ ಸಾಮಾನ್ಯವಾಗಿ ಹೊಲಿಗೆ ಬೇಡ. ದುಬಾರಿ ಯಂತ್ರವೂ ಬೇಡ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ, ಉಚಿತ ಶಿಬಿರಗಳ ಮೂಲಕ ಹೆಚ್ಚಾಗಿ ನಡೆಯುವುದು ಇದೇ.

ಎರಡನೆಯದು ಫೇಕೋ. ಕರಿಗುಡ್ಡೆಯ ಅಂಚಿನಲ್ಲಿ 2ರಿಂದ 3 ಮಿಲಿಮೀಟರಿನ ಛೇದನ ಮಾಡಿ, ಮಸೂರದ ಚೀಲದ ಮುಂಭಾಗದಲ್ಲಿ ದುಂಡಗೆ ಬಾಗಿಲು ತೆರೆಯುತ್ತಾರೆ. ನಂತರ ತೆಳುವಾದ ಕೊಳವೆಯ ತುದಿಯಿಂದ ಶಬ್ದಾತೀತ ಕಂಪನ ಕೊಟ್ಟು ಪೊರೆಯನ್ನು ಒಡೆದು ಹೀರುತ್ತಾರೆ. ಖಾಲಿಯಾದ ಚೀಲದೊಳಕ್ಕೆ ಮಡಚಿದ ಮಸೂರವನ್ನು ತೂರಿಸಿದರೆ ಅದು ಒಳಗೆ ಬಿಚ್ಚಿಕೊಂಡು ಕೂರುತ್ತದೆ. ಹೊಲಿಗೆ ಇಲ್ಲ. ಇಂದು ಖಾಸಗಿ ಆಸ್ಪತ್ರೆಗಳಲ್ಲಿ 'ಮಾಮೂಲಿ ಆಪರೇಷನ್' ಎಂದರೆ ಇದೇ.

ಮೂರನೆಯದು ಲೇಸರ್ ನೆರವಿನ ಶಸ್ತ್ರಚಿಕಿತ್ಸೆ. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಭಾಗ ಮಾಡಿದರೆ ಬರುವ ಒಂದು ಭಾಗವೇ ಒಂದು ಫೆಮ್ಟೋಸೆಕೆಂಡ್. ಅಷ್ಟು ಕ್ಷಣಿಕವಾದ ಬೆಳಕಿನ ಮಿಡಿತಗಳಿಂದ ಈ ಯಂತ್ರ ಕೆಲಸ ಮಾಡುತ್ತದೆ. ಕಣ್ಣನ್ನು ಒಂದು ಉಂಗುರದಿಂದ ಹಿಡಿದು ನಿಲ್ಲಿಸಿ, ಕಣ್ಣೊಳಗಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ನೋಡುತ್ತಾ ಲೇಸರ್ ಹಾಯಿಸುತ್ತಾರೆ. ಲೇಸರ್ ಮಾಡುವ ಕೆಲಸ ಮುಖ್ಯವಾಗಿ ಮೂರು: ಕರಿಗುಡ್ಡೆಯಲ್ಲಿ ಛೇದನ, ಚೀಲದಲ್ಲಿ ದುಂಡನೆಯ ಬಾಗಿಲು, ಮಸೂರವನ್ನು ಹೋಳುಮಾಡುವುದು.

ಇಷ್ಟಕ್ಕೆ ಶಸ್ತ್ರಚಿಕಿತ್ಸೆ ಮುಗಿಯುವುದಿಲ್ಲ. ಆಮೇಲೆ ರೋಗಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಮಲಗಿಸಿ, ಶಸ್ತ್ರವೈದ್ಯರು ಕಣ್ಣಿನೊಳಗೆ ಅದೇ ಫೇಕೋ ಕೊಳವೆಯನ್ನು ಹಾಕಿ, ಹೋಳುಗಳನ್ನು ಹೀರಿ, ಅದೇ ಕೃತಕ ಮಸೂರವನ್ನು ಕೂರಿಸುತ್ತಾರೆ. ಅಂದರೆ ಲೇಸರ್ ಎಂಬುದು ಫೇಕೋಗೆ ಬದಲಿಯಲ್ಲ, ಅದರ ಮೊದಲ ಕೆಲವು ಹೆಜ್ಜೆಗಳನ್ನು ಯಂತ್ರದಿಂದ ಮಾಡಿಸುವ ಕ್ರಮ. 'ಬ್ಲೇಡ್ ಇಲ್ಲ' ಎಂಬ ಮಾತಿನಿಂದ ಕಣ್ಣನ್ನು ತೆರೆಯುವುದೇ ಇಲ್ಲ ಎಂದು ತಿಳಿಯಬಾರದು.

ಒಂದು ಪದ, ನಾಲ್ಕು ಅರ್ಥ

ನಮ್ಮ ಜನರಲ್ಲಿ 'ಲೇಸರ್ ಆಪರೇಷನ್' ಎಂಬ ಮಾತು ಬಹಳ ಗೊಂದಲ ಹುಟ್ಟಿಸಿದೆ. "ನಮ್ಮ ಮಾವನವರಿಗೆ ಲೇಸರ್‌ನಲ್ಲಿ ಪೊರೆ ತೆಗೆಸಿದೆವು" ಎನ್ನುವ ಹೆಚ್ಚಿನವರು ಮಾಡಿಸಿರುವುದು ಫೇಕೋ. ಅದರಲ್ಲಿ ಲೇಸರ್ ಇಲ್ಲ, ಇರುವುದು ಶಬ್ದಾತೀತ ಕಂಪನ. ಕನ್ನಡಕ ಬಿಡಿಸಲು ಯುವಕರು ಮಾಡಿಸಿಕೊಳ್ಳುವ ಲೇಸಿಕ್ ಬೇರೆ. ಅದು ಕರಿಗುಡ್ಡೆಯ ಆಕಾರವನ್ನು ತಿದ್ದುವ ಚಿಕಿತ್ಸೆ, ಪೊರೆಗೆ ಸಂಬಂಧಿಸಿದ್ದಲ್ಲ.

ಇನ್ನೊಂದು ಯಾಗ್ ಲೇಸರ್. ಪೊರೆ ತೆಗೆಸಿದ ಕೆಲವರಿಗೆ ತಿಂಗಳುಗಳ ಅಥವಾ ವರ್ಷಗಳ ನಂತರ, ಕೃತಕ ಮಸೂರವನ್ನು ಹೊತ್ತಿರುವ ಚೀಲದ ಹಿಂಭಾಗ ಮಬ್ಬಾಗುತ್ತದೆ. "ಪೊರೆ ಮತ್ತೆ ಬಂತು" ಎಂದು ಜನ ಹೆದರುತ್ತಾರೆ. ಒಮ್ಮೆ ತೆಗೆದ ಪೊರೆ ಮತ್ತೆ ಬರುವುದಿಲ್ಲ. ಈ ಮಬ್ಬನ್ನು ಯಾಗ್ ಲೇಸರಿನಿಂದ ಕೆಲವೇ ನಿಮಿಷಗಳಲ್ಲಿ, ಹೊರರೋಗಿಯಾಗಿಯೇ, ಕಣ್ಣನ್ನು ಕೊಯ್ಯದೆ ಸರಿಪಡಿಸಬಹುದು. ಇದು ಅಗತ್ಯವಾದ, ಹಳೆಯ, ಪರಿಣಾಮಕಾರಿ ಚಿಕಿತ್ಸೆ. ನಾವು ಇಂದು ಚರ್ಚಿಸುತ್ತಿರುವ ದುಬಾರಿ ಫೆಮ್ಟೋಸೆಕೆಂಡ್ ಲೇಸರ್ ಇದಲ್ಲ. ಆಸ್ಪತ್ರೆಯಲ್ಲಿ 'ಲೇಸರ್' ಎಂದು ಹೇಳಿದಾಗ ಇವುಗಳಲ್ಲಿ ಯಾವುದು ಎಂದು ಕೇಳಿ ತಿಳಿಯಿರಿ.

ಫಲಿತಾಂಶ ಏನು ಹೇಳುತ್ತದೆ?

ಯಂತ್ರ ಮಾಡಿದ ಬಾಗಿಲು ಕೈಯಲ್ಲಿ ಮಾಡಿದ ಬಾಗಿಲಿಗಿಂತ ಹೆಚ್ಚು ದುಂಡಗಿರುತ್ತದೆ ಎಂಬುದು ನಿಜ. ಪೊರೆ ಮೊದಲೇ ಹೋಳಾಗಿರುವುದರಿಂದ ಶಬ್ದಾತೀತ ಶಕ್ತಿಯ ಬಳಕೆ ಕಡಿಮೆಯಾಗುತ್ತದೆ ಎಂಬುದನ್ನೂ ಹಲವು ಪರೀಕ್ಷೆಗಳು ತೋರಿಸಿವೆ. ಆದರೆ ರೋಗಿಗೆ ಬೇಕಾಗಿರುವುದು ದುಂಡನೆಯ ಬಾಗಿಲಲ್ಲ, ಚೆನ್ನಾಗಿ ಕಾಣುವ ಕಣ್ಣು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ಲೇಸರ್ ಮಾಡಿಸಿಕೊಂಡವರು ಉಳಿದವರಿಗಿಂತ ಚೆನ್ನಾಗಿ ಕಾಣುತ್ತಾರೆಯೇ? ಅವರಿಗೆ ತೊಂದರೆಗಳು ಕಡಿಮೆಯೇ?

ಇದನ್ನು ತಿಳಿಯಲು ಫ್ರಾನ್ಸಿನ ಐದು ವಿಶ್ವವಿದ್ಯಾಲಯ ಆಸ್ಪತ್ರೆಗಳಲ್ಲಿ ಸರ್ಕಾರಿ ಹಣದಿಂದ ದೊಡ್ಡ ಪರೀಕ್ಷೆಯೊಂದು ನಡೆಯಿತು. ಅದರ ಫಲಿತಾಂಶ 2020ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಯಾರಿಗೆ ಲೇಸರ್, ಯಾರಿಗೆ ಫೇಕೋ ಎಂಬುದನ್ನು ಚೀಟಿ ಎತ್ತಿದಂತೆ ಆಕಸ್ಮಿಕವಾಗಿ ನಿರ್ಧರಿಸಿದರು. ಫೇಕೋ ಗುಂಪಿನವರಿಗೂ ಲೇಸರ್ ಮಾಡಿದಂತೆ ತೋರಿಕೆಯ ಏರ್ಪಾಡು ಮಾಡಿದ್ದರಿಂದ, ತಮಗೆ ಆದದ್ದು ಯಾವುದೆಂದು ರೋಗಿಗಳಿಗೇ ಗೊತ್ತಿರಲಿಲ್ಲ. 'ಯಶಸ್ಸು' ಎನ್ನಲು ನಾಲ್ಕು ಕಠಿಣ ನಿಯಮಗಳನ್ನು ಇಟ್ಟಿದ್ದರು: ಗಂಭೀರ ತೊಂದರೆ ಆಗಿರಬಾರದು, ಪೂರ್ಣ ದೃಷ್ಟಿ ಬಂದಿರಬೇಕು, ಕನ್ನಡಕದ ನಂಬರು ಅಂದಾಜಿಗೆ ಹತ್ತಿರವಿರಬೇಕು, ಕರಿಗುಡ್ಡೆಯ ವಕ್ರತೆ ಬದಲಾಗಿರಬಾರದು. ನಾಲ್ಕೂ ಒಟ್ಟಿಗೆ ಕೂಡಿಬಂದದ್ದು ಲೇಸರ್ ಗುಂಪಿನ 704 ಕಣ್ಣುಗಳಲ್ಲಿ ಶೇ. 41.1ಕ್ಕೆ, ಫೇಕೋ ಗುಂಪಿನ 685 ಕಣ್ಣುಗಳಲ್ಲಿ ಶೇ. 43.6ಕ್ಕೆ. ಉಳಿದವರಿಗೆ ಕಣ್ಣು ಕಾಣಲಿಲ್ಲ ಎಂದು ಇದರ ಅರ್ಥವಲ್ಲ. ನಾಲ್ಕರಲ್ಲಿ ಒಂದು ಸ್ವಲ್ಪ ತಪ್ಪಿದರೂ ಲೆಕ್ಕದಿಂದ ಹೊರಗಿಟ್ಟಿದ್ದರು. ಮುಖ್ಯವಾದ ಸಂಗತಿ ಎಂದರೆ, ಲೇಸರ್ ಮೇಲುಗೈ ಸಾಧಿಸಲಿಲ್ಲ. ಖರ್ಚು ಮಾತ್ರ ಹೆಚ್ಚಾಯಿತು.

ಬ್ರಿಟನ್ನಿನ ಮೂರು ಸರ್ಕಾರಿ ಆಸ್ಪತ್ರೆಗಳಲ್ಲಿ 785 ರೋಗಿಗಳ ಮೇಲೆ ನಡೆದ ಇನ್ನೊಂದು ಪರೀಕ್ಷೆಯೂ ಇದನ್ನೇ ಹೇಳಿತು. ಮೂರು ತಿಂಗಳ ನಂತರ ಕನ್ನಡಕವಿಲ್ಲದೆ ದೂರದ ಅಕ್ಷರ ಓದುವ ಶಕ್ತಿ ಎರಡೂ ಗುಂಪಿನಲ್ಲಿ ಒಂದೇ ಮಟ್ಟದಲ್ಲಿತ್ತು. ಒಂದು ವರ್ಷದ ನಂತರ ನೋಡಿದಾಗಲೂ ಹಾಗೆಯೇ. ಹೆಚ್ಚಿನ ಖರ್ಚಿಗೆ ತಕ್ಕ ಲಾಭ ಕಾಣಲಿಲ್ಲ. 2023ರಲ್ಲಿ ಕಾಕ್ರೇನ್ ಸಂಸ್ಥೆ 42 ಪರೀಕ್ಷೆಗಳ, 7,298 ಕಣ್ಣುಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿತು. ಅಲ್ಲಿಯೂ ದೃಷ್ಟಿಯಲ್ಲಿ ರೋಗಿಯ ಅನುಭವಕ್ಕೆ ಬರುವಷ್ಟು ವ್ಯತ್ಯಾಸ ಕಂಡುಬರಲಿಲ್ಲ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಲಂಡನ್ನಿನಲ್ಲಿ 400 ಕಣ್ಣುಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಸೂರದ ಚೀಲದ ಹಿಂಭಾಗ ಹರಿಯುವ ತೊಂದರೆ ಫೇಕೋ ಗುಂಪಿನಲ್ಲಿ ಶೇ. 3ರಷ್ಟಿತ್ತು, ಲೇಸರ್ ಗುಂಪಿನಲ್ಲಿ ಒಂದೂ ಇರಲಿಲ್ಲ. ಆದರೆ ಅದಕ್ಕಿಂತ ದೊಡ್ಡದಾದ, ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಇಂಥ ಸ್ಪಷ್ಟ ಅಂತರ ಕಾಣಲಿಲ್ಲ. ಲೇಸರಿಗೂ ಅದರದೇ ಆದ ಸಣ್ಣಪುಟ್ಟ ತೊಂದರೆಗಳಿವೆ. ಉಂಗುರದ ಹಿಡಿತದಿಂದ ಕಣ್ಣಿನ ಬಿಳಿಭಾಗದಲ್ಲಿ ರಕ್ತದ ಕಲೆ ಮೂಡಬಹುದು, ಲೇಸರ್ ನಂತರ ಪಾಪೆ ಕಿರಿದಾಗಿ ಮುಂದಿನ ಕೆಲಸ ಕಷ್ಟವಾಗಬಹುದು.

ಹಾಗಾದರೆ ಲೇಸರ್ ಕೆಟ್ಟದ್ದೆ? ಖಂಡಿತ ಅಲ್ಲ. ಅದೊಂದು ಸುರಕ್ಷಿತ, ಉತ್ತಮ ವಿಧಾನ. ಅನುಕೂಲವಿದ್ದವರು, ತಜ್ಞರು ಸೂಚಿಸಿದರೆ, ಮಾಡಿಸಬಹುದು. ಕರಿಗುಡ್ಡೆಯ ಒಳಪದರದ ಜೀವಕೋಶಗಳು ಕ್ಷೀಣಿಸಿದವರಲ್ಲಿ, ಮಸೂರದ ಹಿಡಿತ ಸಡಿಲವಾದ ಕೆಲವು ವಿಶೇಷ ಸಂದರ್ಭಗಳಲ್ಲಿ ತಜ್ಞರು ಅದನ್ನು ಆರಿಸಲು ಕಾರಣವಿರಬಹುದು. ಪಾಪೆ ಹಿಗ್ಗದವರಿಗೆ, ಕರಿಗುಡ್ಡೆಯ ಮೇಲೆ ಕಲೆಯಿರುವವರಿಗೆ ಅದು ಹೊಂದುವುದಿಲ್ಲ. ನಾನು ಹೇಳುವುದು ಇಷ್ಟೇ: ಸಾಮಾನ್ಯ ಪೊರೆಗೆ ಲೇಸರ್ ಇಲ್ಲದಿದ್ದರೆ ತಂದೆತಾಯಿಗೆ ಕಡಿಮೆ ದರ್ಜೆಯ ಚಿಕಿತ್ಸೆ ಕೊಡಿಸಿದಂತಾಯಿತು ಎಂಬ ಕೊರಗು ಬೇಡ.

ಉಚಿತ ಆಪರೇಷನ್ ಕಳಪೆಯೇ?

ಈ ಅನುಮಾನವೂ ಬಹಳ ಮನೆಗಳಲ್ಲಿದೆ. ನೇಪಾಳದಲ್ಲಿ ಡಾ. ಸಂದುಕ್ ರುಯಿತ್ ಮತ್ತು ಅಮೆರಿಕದ ಡಾ. ಡೇವಿಡ್ ಚಾಂಗ್ ಸೇರಿ, ಬಲಿತ ಪೊರೆಯಿದ್ದ 108 ರೋಗಿಗಳಲ್ಲಿ ಸಣ್ಣ ಗಾಯದ ಕೈವಿಧಾನವನ್ನೂ ಫೇಕೋವನ್ನೂ ಹೋಲಿಸಿದರು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ, ಬೇಕಾದಲ್ಲಿ ಕನ್ನಡಕ ಹಾಕಿಕೊಂಡು, ಎರಡೂ ಗುಂಪಿನಲ್ಲಿ ಶೇ. 98ರಷ್ಟು ಜನ ಒಳ್ಳೆಯ ದೃಷ್ಟಿ ಪಡೆದಿದ್ದರು. ಫೇಕೋದಲ್ಲಿ ಗಾಯ ಸಣ್ಣದು, ಬೇಗ ಚೇತರಿಕೆ, ವಕ್ರತೆಯ ನಂಬರು ಕಡಿಮೆ ಎಂಬ ಅನುಕೂಲಗಳಿವೆ. ಆದರೆ ಬಲಿತ ಗಟ್ಟಿ ಪೊರೆಗೆ ನುರಿತ ಕೈಯಲ್ಲಿ ಸಣ್ಣ ಗಾಯದ ವಿಧಾನ ಯಾವುದಕ್ಕೂ ಕಡಿಮೆಯಲ್ಲ.

'ನುರಿತ ಕೈ' ಎಂಬ ಮಾತನ್ನು ಗಮನಿಸಿ. ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯವರು ತಮ್ಮಲ್ಲಿ ನಡೆದ 79,777 ಪೊರೆ ಶಸ್ತ್ರಚಿಕಿತ್ಸೆಗಳ ಲೆಕ್ಕವನ್ನು 2012ರಲ್ಲಿ ಪ್ರಕಟಿಸಿದರು. ಅನುಭವಿ ವೈದ್ಯರಲ್ಲಿ ಶಸ್ತ್ರಚಿಕಿತ್ಸೆಯ ವೇಳೆಯ ತೊಂದರೆ ಶೇ. 1ಕ್ಕಿಂತ ಕಡಿಮೆ. ಕಲಿಯುತ್ತಿರುವವರ ಕೈಯಲ್ಲಿ ಫೇಕೋ ಮಾಡಿದಾಗ ಶೇ. 4.8, ಅವರೇ ಸಣ್ಣ ಗಾಯದ ವಿಧಾನ ಮಾಡಿದಾಗ ಶೇ. 1.46. ಕಣ್ಣಿನ ಕ್ಷೇಮವನ್ನು ಯಂತ್ರದ ಬೆಲೆಗಿಂತ ಹೆಚ್ಚಾಗಿ ನಿರ್ಧರಿಸುವುದು ವೈದ್ಯರ ಅನುಭವ ಎಂಬುದು ಇದರಿಂದ ಸ್ಪಷ್ಟ.

ಹಣ, ಗಮನ ಎಲ್ಲಿಗೆ ಹೋಗಬೇಕು?

ಫಲಿತಾಂಶವನ್ನು ನಿಜವಾಗಿ ಬದಲಿಸುವ ಸಂಗತಿಗಳು ಬೇರೆ ಇವೆ.

ಒಂದು, ಮಸೂರದ ಅಳತೆ. ಶಸ್ತ್ರಚಿಕಿತ್ಸೆಗೆ ಮುಂಚೆ ಕಣ್ಣಿನ ಉದ್ದ, ಕರಿಗುಡ್ಡೆಯ ವಕ್ರತೆ ಅಳೆದು ಎಷ್ಟು ನಂಬರಿನ ಮಸೂರ ಇಡಬೇಕೆಂದು ಲೆಕ್ಕ ಹಾಕುತ್ತಾರೆ. ಈ ಲೆಕ್ಕ ತಪ್ಪಿದರೆ ಯಾವ ಲೇಸರೂ ಸರಿಪಡಿಸಲಾರದು.

ಎರಡು, ಅಕ್ಷಿಪಟಲದ ಪರೀಕ್ಷೆ. ಸಕ್ಕರೆ ಕಾಯಿಲೆಯವರಲ್ಲಿ ಪೊರೆಯ ಹಿಂದೆ ಅಕ್ಷಿಪಟಲವೂ ಕೆಟ್ಟಿರಬಹುದು. ಆಗ ಪೊರೆ ತೆಗೆದರೂ ನಿರೀಕ್ಷಿಸಿದಷ್ಟು ಕಾಣುವುದಿಲ್ಲ. ಮೊದಲೇ ತಿಳಿದಿದ್ದರೆ ಚಿಕಿತ್ಸೆಯೂ ಸಾಧ್ಯ, ನಿರಾಶೆಯೂ ತಪ್ಪುತ್ತದೆ.

ಮೂರು, ಶುಚಿತ್ವ. ಕಣ್ಣಿನೊಳಗೆ ಸೋಂಕು ಸೇರುವುದು ಅಪರೂಪ, ಆದರೆ ಸೇರಿದರೆ ಕಣ್ಣೇ ಹೋಗಬಹುದು. ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಕಣ್ಣೊಳಗೆ ಪ್ರತಿಜೀವಕ ಔಷಧ ಹಾಕಿದರೆ ಈ ಅಪಾಯ ಸುಮಾರು ಐದು ಪಟ್ಟು ಇಳಿಯುತ್ತದೆ ಎಂದು 2007ರ ಯುರೋಪಿನ ದೊಡ್ಡ ಅಧ್ಯಯನವೊಂದು ತೋರಿಸಿತು. ಇದಕ್ಕೆ ತಗಲುವ ವೆಚ್ಚ ಲೇಸರಿನ ವೆಚ್ಚದ ಮುಂದೆ ಏನೂ ಅಲ್ಲ.

ನಾಲ್ಕು, ಮಸೂರದ ಆಯ್ಕೆ. ಆಸ್ಪತ್ರೆ ಹೇಳುವ 'ಪ್ಯಾಕೇಜ್' ಮೊತ್ತದಲ್ಲಿ ಮಸೂರಕ್ಕೆ ಎಷ್ಟು, ಲೇಸರ್‌ಗೆ ಎಷ್ಟು ಎಂದು ಬೇರೆ ಬೇರೆ ಕೇಳಿ. ದೂರಕ್ಕೆ ಸರಿಹೊಂದುವ ಒಂದೇ ನಂಬರಿನ ಮಸೂರ ಹೆಚ್ಚಿನವರಿಗೆ ಸಾಕು, ಓದಲು ಕನ್ನಡಕ ಬೇಕಾಗುತ್ತದೆ ಅಷ್ಟೆ. ದೂರ, ಹತ್ತಿರ ಎರಡೂ ಕಾಣುವ ಮಸೂರದಲ್ಲಿ ರಾತ್ರಿ ದೀಪದ ಸುತ್ತ ಬೆಳಕಿನ ಬಳೆ ಕಾಣುವುದುಂಟು. ರಾತ್ರಿ ವಾಹನ ಓಡಿಸುವವರು ಇದನ್ನು ಯೋಚಿಸಬೇಕು.

ಐದು, ನಂತರದ ಆರೈಕೆ. ಹನಿಮದ್ದನ್ನು ಹೇಳಿದಷ್ಟು ದಿನ ಹಾಕಬೇಕು. ಹಾಕುವವರು ಕೈ ತೊಳೆದಿರಬೇಕು. ಕಣ್ಣು ಉಜ್ಜಬಾರದು, ಒಲೆಯ ಹೊಗೆ, ಧೂಳು ತಾಗಬಾರದು. ಮರುಪರೀಕ್ಷೆಗೆ ತಪ್ಪದೆ ಹೋಗಬೇಕು. ನೋವು, ಕೆಂಪು ಹೆಚ್ಚಾದರೆ, ದೃಷ್ಟಿ ಮಂಜಾದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಯಾವಾಗ ಮಾಡಿಸಬೇಕು?

"ಪೊರೆ ಹಣ್ಣಾಗಲಿ" ಎಂದು ಕಾಯುವುದು ಹಳೆಯ ಕಾಲದ ಕ್ರಮ. ಈಗ ಹಾಗಿಲ್ಲ. ದಿನನಿತ್ಯದ ಕೆಲಸಕ್ಕೆ, ಓದಿಗೆ, ಓಡಾಟಕ್ಕೆ ತೊಂದರೆ ಆಗುತ್ತಿದ್ದರೆ ಮಾಡಿಸಬಹುದು. ಬಲಿತು ಗಟ್ಟಿಯಾದಷ್ಟೂ ಶಸ್ತ್ರಚಿಕಿತ್ಸೆ ಕಷ್ಟ. ಬೇಸಿಗೆಯಲ್ಲಿ ಬೇಡ, ಮಳೆಗಾಲದಲ್ಲಿ ಬೇಡ ಎಂಬ ನಿಯಮವೂ ಇಲ್ಲ. ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಯಲ್ಲಿದ್ದರೆ ಯಾವ ಕಾಲವಾದರೂ ಸರಿ.

ಹಾಗೆಂದು ಪೊರೆ ಇದೆ ಎಂದ ತಕ್ಷಣ ಗಾಬರಿಯಾಗಿ ಓಡಬೇಕಾಗಿಲ್ಲ. ಆರಂಭದ ಪೊರೆಯನ್ನು ತಜ್ಞರ ನಿಗಾದಲ್ಲಿಟ್ಟು ಕಾಯಬಹುದು. ಆದರೆ ತಜ್ಞರು 'ಮಾಡಿಸಿ' ಎಂದ ಮೇಲೆ, ಅದರಲ್ಲೂ ಪಾಪೆ ಬೆಳ್ಳಗೆ ಕಾಣತೊಡಗಿದ ಮೇಲೆ, ತಿಂಗಳುಗಟ್ಟಲೆ ಮುಂದೂಡುವುದು ಅಪಾಯ. ಪೊರೆಯಿರುವ ಹಿರಿಯರಿಗೆ ಕಣ್ಣು ಕೆಂಪಾಗಿ, ಒಂದು ಕಡೆ ತಲೆನೋವು, ವಾಂತಿ ಬಂದರೆ ಅದನ್ನು ಪಿತ್ತವೆಂದೋ ಅರೆತಲೆನೋವೆಂದೋ ತಿಳಿದು ಮನೆಮದ್ದು ಮಾಡುತ್ತಾ ಕೂರಬೇಡಿ. ಆ ದಿನವೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಗಂಟೆಗಳ ಲೆಕ್ಕದಲ್ಲಿ ನರ ಸಾಯುತ್ತದೆ. ಇದಲ್ಲದೆ ಮಂದ ದೃಷ್ಟಿಯಲ್ಲಿ ಹಿರಿಯರು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದನ್ನೂ ಮರೆಯಬಾರದು.

ಹಣದ ಅಡಚಣೆ ಇರುವವರು ಸಂಕೋಚ ಪಡಬೇಕಾಗಿಲ್ಲ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ, ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯನ್ನು ಮಸೂರಸಹಿತ ಉಚಿತವಾಗಿ ಮಾಡುತ್ತಾರೆ. ಬೆಂಗಳೂರಿನ ಮಿಂಟೊ ಆಸ್ಪತ್ರೆ ಕಣ್ಣಿಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ಶಸ್ತ್ರಚಿಕಿತ್ಸೆಗೆ ಮೊದಲು ನಿಮ್ಮ ವೈದ್ಯರನ್ನು ಈ ಐದು ಪ್ರಶ್ನೆ ಕೇಳಿ. ನನ್ನ ಕಣ್ಣಿಗೆ ಯಾವ ವಿಧಾನ ಸೂಕ್ತ, ಏಕೆ? ಲೇಸರ್ ಎಂದರೆ ನನ್ನ ವಿಷಯದಲ್ಲಿ ಅದರಿಂದಾಗುವ ಹೆಚ್ಚಿನ ಪ್ರಯೋಜನವೇನು? ಶಸ್ತ್ರಚಿಕಿತ್ಸೆ ಮಾಡುವವರು ಯಾರು? ಅಕ್ಷಿಪಟಲ ಚೆನ್ನಾಗಿದೆಯೇ? ಎಷ್ಟು ದಿನ ಕಾಯಬಹುದು? ಒಳ್ಳೆಯ ವೈದ್ಯರು ಇವಕ್ಕೆ ಬೇಸರಪಡುವುದಿಲ್ಲ.

ಮೊದಲು ಹೇಳಿದ ತಾಯಿಯ ವಿಷಯ ಮುಗಿಸುತ್ತೇನೆ. ಅವರ ಎಡಗಣ್ಣಿನ ಪೊರೆಗೆ ನಾವು ಚೀಟಿಯನ್ನು ಕಾಯಲಿಲ್ಲ. ಸಕ್ಕರೆಯನ್ನು ಹತೋಟಿಗೆ ತಂದು, ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವಾಗಿ ಸಣ್ಣ ಗಾಯದ ಆಪರೇಷನ್ ಮಾಡಿಸಿದರು. ಈಗ ಆ ಒಂದು ಕಣ್ಣಿನಲ್ಲೇ ಅಕ್ಕಿ ಆರಿಸುತ್ತಾರೆ, ಬಸ್ಸಿನ ಬೋರ್ಡು ಓದಿ ಒಬ್ಬರೇ ನನ್ನಲ್ಲಿಗೆ ಬರುತ್ತಾರೆ. ಬಂದಾಗಲೆಲ್ಲ, "ಆ ಕಣ್ಣಿಗೂ ಆಗಲೇ ಹೀಗೇ ಮಾಡಿಸಬಹುದಿತ್ತಲ್ವಾ ಡಾಕ್ಟ್ರೇ?" ಎಂದು ಕೇಳುತ್ತಾರೆ. ಹೌದು, ಮಾಡಿಸಬಹುದಿತ್ತು. ನಿಮ್ಮ ಮನೆಯ ಹಿರಿಯರು ಈ ಪ್ರಶ್ನೆ ಕೇಳುವಂತಾಗದಿರಲಿ.